ಅಪ್ಪನ ತಲೆಸುತ್ತಿನ ವಿಷಯ

ಪ್ರೀತಿಯ ಅಕ್ಕ,

ಮೊನ್ನೆ ವಿಡಿಯೊ ಕಾಲ್‌ನಲ್ಲಿ ಅಪ್ಪ ಕುರ್ಚಿಯಿಂದ ಏಳುವುದನ್ನು ನೋಡಿದೆ. ಎದ್ದವರ ಮಾತು ಅರ್ಧಕ್ಕೇ ನಿಂತಿತು, ಕೈ ಗೋಡೆ ತಡಕಾಡಿತು. ಆಮೇಲೆ ‘ಏನಿಲ್ಲ, ವಯಸ್ಸಾಯ್ತು’ ಅಂದರು. ಎಲ್ಲವನ್ನೂ ವಯಸ್ಸಿನ ತಲೆಗೆ ಕಟ್ಟುವುದು ಬೇಡ. ಇದು ಅಪ್ಪನಿಗಿರುವ ಪಾರ್ಕಿನ್ಸನ್ ಕಾಯಿಲೆಯದೇ ಕಾಟ ಇರಬಹುದು.

ನಮಗೆ ಕಾಣುವುದು ಕೈ ನಡುಕ, ನಿಧಾನ ನಡಿಗೆ ಅಷ್ಟೇ. ಆದರೆ ಬಿಪಿ, ಹೊಟ್ಟೆ, ಮೂತ್ರ, ಬೆವರು ಇವನ್ನೆಲ್ಲ ತಾವಾಗಿಯೇ ನೋಡಿಕೊಳ್ಳುವ ನರಗಳಿಗೂ ಈ ಕಾಯಿಲೆ ತಟ್ಟುತ್ತದೆ. ನಿಂತಾಗ ರಕ್ತ ಕಾಲಿನ ಕಡೆ ಇಳಿಯುತ್ತದೆ. ಆ ನರಗಳು ತಕ್ಷಣ ರಕ್ತನಾಳಗಳನ್ನು ಬಿಗಿ ಮಾಡಬೇಕು. ಅವು ಸೋತರೆ ಮೆದುಳಿಗೆ ರಕ್ತ ಸಾಲದೆ ಕಣ್ಣು ಕತ್ತಲೆ ಬರುತ್ತದೆ. ಪಾರ್ಕಿನ್ಸನ್ ಮಾತ್ರೆಯಿಂದಲೂ ಬಿಪಿ ಇಳಿಯಬಹುದು, ಅಪ್ಪನ ಹಳೆಯ ಬಿಪಿ ಮಾತ್ರೆಯಂತೂ ಇದ್ದೇ ಇದೆ. ಹಾಗಂತ ನೀವಾಗಿಯೇ ಯಾವುದನ್ನೂ ನಿಲ್ಲಿಸಬೇಡಿ. ಪಾರ್ಕಿನ್ಸನ್‌ಗೆ ಕೊಡುವ ಲೆವೊಡೋಪಾ ಮಾತ್ರೆಯನ್ನು ದಿಢೀರ್ ನಿಲ್ಲಿಸುವುದು ಅಪಾಯ.

ನೀನು ಒಂದು ಕೆಲಸ ಮಾಡು. ಅಪ್ಪ 5 ನಿಮಿಷ ಸುಮ್ನೆ ಮಲಗಿದ ಮೇಲೆ ಬಿಪಿ ನೋಡು. ಎದ್ದು ನಿಂತು 1 ನಿಮಿಷ ಆದಾಗ ಒಮ್ಮೆ, 3 ನಿಮಿಷ ಆದಾಗ ಇನ್ನೊಮ್ಮೆ ನೋಡು. ಪಕ್ಕದಲ್ಲಿ ಒಬ್ಬರು ಹಿಡಿದುಕೊಳ್ಳಲು ಇರಲಿ. ಮೇಲಿನ ನಂಬರ್ 20 ಅಥವಾ ಕೆಳಗಿನದು 10 ಇಳಿದರೆ ಡಾಕ್ಟರಿಗೆ ಹೇಳಲೇಬೇಕು. ಕೂರಿಸಿ ಒಂದೇ ಸಲ ನೋಡಿದರೆ ಇದು ಸಿಕ್ಕಿಬೀಳುವುದಿಲ್ಲ, ಅಲ್ವಾ? ಕೆಲವರಿಗೆ ಮಲಗಿದಾಗ ಬಿಪಿ ಜಾಸ್ತಿ, ನಿಂತಾಗ ಕಡಿಮೆ. ಅದಕ್ಕೇ ಎರಡೂ ಬರೆದಿಡು. ಹೊಟ್ಟೆ ತುಂಬ ಊಟವಾದ ಮೇಲೆ, ಬಿಸಿನೀರಿನ ಸ್ನಾನವಾದ ಮೇಲೆ ಇನ್ನೂ ಹುಷಾರು.

ಮಲಬದ್ಧತೆಗೆ ಅಮ್ಮ ಅಪ್ಪನನ್ನೇ ಬೈಯುತ್ತಾಳೆ, ನೀರು ಕುಡಿಯಲ್ಲ ಅಂತ. ನೀರು ಬೇಕು, ನಿಜ. ಆದರೆ 1817ರಲ್ಲಿ ಜೇಮ್ಸ್ ಪಾರ್ಕಿನ್ಸನ್ ಈ ಕಾಯಿಲೆಯ ಬಗ್ಗೆ ಬರೆದಾಗಲೇ ಮಲಬದ್ಧತೆಯ ಮಾತೂ ಬಂದಿತ್ತು. ನಡುಕ ಶುರುವಾಗುವ ಎಷ್ಟೋ ವರ್ಷ ಮೊದಲೇ ಅದು ಬರುವುದುಂಟು. ಜಠರ ನಿಧಾನವಾದರೆ ಮಾತ್ರೆ ಸಣ್ಣಕರುಳಿಗೆ ತಲುಪುವುದೂ ತಡ. ‘ಮಾತ್ರೆ ಹಿಡಿಯುತ್ತಿಲ್ಲ’ ಅಂತ ಅಪ್ಪ ಗೊಣಗುವುದಕ್ಕೆ ಇದೂ ಕಾರಣ ಇರಬಹುದು.

ರಾತ್ರಿ ಪದೇ ಪದೇ ಮೂತ್ರಕ್ಕೆ ಏಳುವುದೂ ಇದೇ ಗುಂಪಿನದು. ಅಪ್ಪ ನಾಚಿಕೆಯಿಂದ ಡಾಕ್ಟರ ಮುಂದೆ ಬಾಯಿ ಬಿಡುವುದಿಲ್ಲ. ನೀನೇ ಹೇಳು. ಬಚ್ಚಲಿನ ದಾರಿಯಲ್ಲಿ ದೀಪ ಇರಲಿ. ಏಳುವ ಮೊದಲು ಮಂಚದ ಅಂಚಿನಲ್ಲಿ ಸ್ವಲ್ಪ ಹೊತ್ತು ಕೂರಲಿ.

ಇಷ್ಟು ದೂರ ಕೂತು ಹೇಳುವುದು ಸುಲಭ, ಮಾಡುವವಳು ನೀನು. ಬಿಪಿ ಬರೆದ ಹಾಳೆಯ ಫೋಟೊ ಕಳಿಸು. ಡಾಕ್ಟರ ಹತ್ತಿರ ಹೋದಾಗ ನನಗೂ ಕಾಲ್ ಮಾಡು, ಇಲ್ಲಿ ಮಧ್ಯರಾತ್ರಿಯಾದರೂ ಪರವಾಗಿಲ್ಲ.

ನಿನ್ನ ತಮ್ಮ