ಅಡುಗೆಯ ಮಾಮಾ ಅವರಿಗೆ, ಮತ್ತು ನಿಮ್ಮೆಲ್ಲರಿಗೆ

ಆತ್ಮೀಯರೇ,

ನೈರೋಬಿಯ ಮಥಾರೆಯಲ್ಲಿರುವ ಪುಟ್ಟ ಶಾಲೆಗಾಗಿ ನಾವು ಕೈಗೊಂಡಿದ್ದ ನಿಧಿಸಂಗ್ರಹ ಕಳೆದ ವಾರ ಗುರಿ ಮುಟ್ಟಿತು. ಬರುವ ಜನವರಿಯಿಂದ ಇಡೀ ವರ್ಷದ ಮೂರೂ ಅವಧಿಗಳಿಗೆ ಬೇಕಾದ ಊಟ, ಸಮವಸ್ತ್ರ ಮತ್ತು ಪುಸ್ತಕಗಳ ಹಣ ಈಗ ಶಾಲೆಯ ಖಾತೆಯಲ್ಲಿದೆ. ಲೆಕ್ಕಪತ್ರ ಈಗಾಗಲೇ ನಿಮ್ಮ ಕೈ ಸೇರಿರುವುದರಿಂದ ಅದನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ.

ಕೀನ್ಯಾದ ಸರ್ಕಾರಿ ಶಾಲೆಗಳಲ್ಲಿ 2003ರಿಂದಲೇ ಪ್ರಾಥಮಿಕ ಶಿಕ್ಷಣ ಉಚಿತವಾಗಿರುವಾಗ ಈ ಹಣವೇಕೆ ಎಂದು ಕೆಲವರು ಕೇಳಿದ್ದಿರಿ. ಅದು ನ್ಯಾಯವಾದ ಪ್ರಶ್ನೆ. ಮಥಾರೆಯಂತಹ ಕಿಕ್ಕಿರಿದ ವಸತಿಗಳಲ್ಲಿ ಮಕ್ಕಳ ಸಂಖ್ಯೆಗೆ ತಕ್ಕಷ್ಟು ಸರ್ಕಾರಿ ಶಾಲೆಗಳಿಲ್ಲ. ತಗಡಿನ ಗೋಡೆಯ ಇಂತಹ ಸಣ್ಣ ಶಾಲೆಗಳೇ ಅಲ್ಲಿ ಬಹಳಷ್ಟು ಮಕ್ಕಳಿಗೆ ಆಸರೆಯಾಗಿದ್ದು, ಅವುಗಳ ಶುಲ್ಕವನ್ನು ತಂದೆತಾಯಿಗಳು ದಿನಗೂಲಿಯಲ್ಲಿ ಉಳಿಸಿ ಕಟ್ಟಬೇಕಾಗುತ್ತದೆ.

ಭಾನುವಾರಗಳಂದು ಬಿಸಿಬೇಳೆಬಾತ್ ಮಾಡಿ ಮಾರಿದ ನೈರೋಬಿಯ ಪಾರ್ಕ್‌ಲ್ಯಾಂಡ್ಸ್ ಬಡಾವಣೆಯ ಅಕ್ಕಂದಿರಿಗೆ, ದುಬೈ ಮತ್ತು ಲಂಡನ್ನಿನಿಂದ ಹಣ ಕಳಿಸಿದ ನನ್ನ ಶಿವಮೊಗ್ಗದ ಸಹಪಾಠಿಗಳಿಗೆ, ತಮ್ಮ ದುಡಿಮೆಯಿಂದ ಐವತ್ತು ಶಿಲಿಂಗ್ ಎತ್ತಿಟ್ಟು, ಮೊಬೈಲ್‌ನಲ್ಲೇ ಹಣ ಕಳಿಸುವ ಎಂ-ಪೆಸಾ ಮೂಲಕ ಕಳಿಸಿದ ಪೋಷಕರಿಗೆ ನಾನು ಋಣಿ.

ಆದರೆ ಈ ಪತ್ರ ಬರೆಯಲು ಕುಳಿತದ್ದು ಮುಖ್ಯವಾಗಿ ಶಾಲೆಯ ಅಡುಗೆಯವರಿಗಾಗಿ. ಮಕ್ಕಳು ಅವರನ್ನು ಮಾಮಾ ಎಂದು ಕರೆಯುತ್ತಾರೆ. ನಮ್ಮಲ್ಲಿ ಮಾಮ ಎಂದರೆ ತಾಯಿಯ ಒಡಹುಟ್ಟಿದವನು. ಸ್ವಾಹಿಲಿಯಲ್ಲಿ ಅದು ತಾಯಿಯೇ.

2024ರ ಏಪ್ರಿಲ್ ಕೊನೆಯಲ್ಲಿ ಮಥಾರೆ ನದಿ ಉಕ್ಕಿದ ರಾತ್ರಿ, ಹೊಸ ಅವಧಿಗೆಂದು ನಾವು ಕೊಂಡಿದ್ದ ಪುಸ್ತಕಗಳೆಲ್ಲ ತರಗತಿಯ ಮೂಲೆಯಲ್ಲಿದ್ದವು. ಶಾಲೆಗೆ ರಜೆಯಿದ್ದರೂ, ತಾಯಂದಿರು ರಾತ್ರಿಪಾಳಿಗೆ ಹೋಗಿದ್ದ ಒಂಬತ್ತು ಮಕ್ಕಳನ್ನು ಮಾಮಾ ಒಬ್ಬೊಬ್ಬರನ್ನಾಗಿ ಎತ್ತಿಕೊಂಡು ಬಂದು, ಸ್ವಲ್ಪ ಎತ್ತರದಲ್ಲಿದ್ದ ಅಡುಗೆಕೋಣೆಯಲ್ಲಿ ಕೂರಿಸಿದರು. ಬಳಿಕ ಸೊಂಟದವರೆಗಿನ ನೀರಿನಲ್ಲಿ ನಡೆದು, ಹಾಜರಿ ಪುಸ್ತಕವನ್ನೂ ಕೈಗೆ ಸಿಕ್ಕಷ್ಟು ಪುಸ್ತಕಗಳನ್ನೂ ಜೋಳದ ಚೀಲಗಳಲ್ಲಿ ತುಂಬಿ ಅಟ್ಟಕ್ಕೇರಿಸಿದರು. ರಸ್ತೆಗಳು ಮುಳುಗಿದ್ದರಿಂದ ನಾನು ಮನೆಯಿಂದ ಹೊರಡಲಾಗಲಿಲ್ಲ. ಬೆಳಗಿನವರೆಗೆ ಅವರು ಮತ್ತೆ ಮತ್ತೆ ಕರೆ ಮಾಡಿ ಒಂಬತ್ತೂ ಮಕ್ಕಳ ಹೆಸರನ್ನು ಒಂದೊಂದಾಗಿ ಹೇಳುತ್ತಿದ್ದರು; ಹಿಂದಿನಿಂದ ಮಕ್ಕಳು 'ಇದ್ದೇನೆ' ಎನ್ನುವುದು ಕೇಳುತ್ತಿತ್ತು.

ಮೊದಲ ಕರೆಯಲ್ಲಿ ನಾನು ಕೇಳಿದ್ದು ಪುಸ್ತಕಗಳ ಬಗ್ಗೆ. ನದಿಯ ಅಂಚಿನಲ್ಲಿದ್ದ ಅವರ ಸ್ವಂತ ಮನೆ ಅದೇ ರಾತ್ರಿ ಕೊಚ್ಚಿಹೋಗಿತ್ತು, ಮತ್ತು ಆ ಮಾತು ನನಗೆ ತಿಳಿದದ್ದು ಮೂರನೆಯ ದಿನ, ಅದೂ ಬೇರೆಯವರ ಬಾಯಿಂದ. ಮಾಮಾ, ನಾನು ಮೊದಲು ನಿಮ್ಮನ್ನು ಕೇಳಬೇಕಿತ್ತು. ಈ ಮಾತನ್ನು ನಿಮ್ಮೆದುರು ಹೇಳಲು ಹೋದಾಗಲೆಲ್ಲ ನನ್ನ ಗಂಟಲು ಕಟ್ಟಿದೆ. ಆದ್ದರಿಂದ ಎಲ್ಲರ ಮುಂದೆ ಇಲ್ಲಿ ಬರೆಯುತ್ತಿದ್ದೇನೆ.

ಆ ಬಾರಿ ದೇಶದ ಶಾಲೆಗಳು ಮತ್ತೆ ತೆರೆದದ್ದು ಮೇ 13ಕ್ಕೆ. ಅಲ್ಲಿಯವರೆಗೆ ಅವರು ಚರ್ಚಿನ ಅಂಗಳದಲ್ಲಿ, ಎರವಲು ತಂದ ಒಲೆಯ ಮೇಲೆ, ಮೆಕ್ಕೆಜೋಳ ಮತ್ತು ಹುರುಳಿಕಾಯಿ ಬೀಜ ಬೇಯಿಸಿದ ಗಿಥೇರಿಯನ್ನು ಮಕ್ಕಳಿಗೆ ಬಡಿಸುತ್ತಿದ್ದರು. ಕಳೆದುಹೋದದ್ದನ್ನು ಮತ್ತೆ ಕೂಡಿಸುವ ಧೈರ್ಯ ನನಗಿರಲಿಲ್ಲ. ಅದನ್ನು ಅವರಿಗೆ ಹೇಳಿಯೂ ಬಿಟ್ಟೆ. ಆಗ ಅವರು ಹೇಳಿದ್ದು ಒಂದೇ ಪದ: ಹರಂಬೀ. ಎಲ್ಲರೂ ಸೇರಿ ಎಳೆಯೋಣ ಎಂಬರ್ಥದ ಈ ಪದ ಕೀನ್ಯಾದ ರಾಷ್ಟ್ರಲಾಂಛನದಲ್ಲಿದೆ. 1963ರಲ್ಲಿ ಸ್ವಾತಂತ್ರ್ಯ ಬಂದ ಬಳಿಕ ಹಳ್ಳಿಯ ಜನ ಹಣ ಮತ್ತು ದುಡಿಮೆ ಕೂಡಿಸಿ ಕಟ್ಟಿದ ನೂರಾರು ಪ್ರೌಢಶಾಲೆಗಳಿಗೂ ಇದೇ ಹೆಸರು. ಮಾಮಾ ಎರಡು ವರ್ಷ ಓದಿದ್ದು ಅಂತಹದೇ ಶಾಲೆಯಲ್ಲಿ. ಮರುದಿನವೇ ನಾನು ನಿಮಗೆಲ್ಲ ಮತ್ತೆ ಪತ್ರ ಬರೆದೆ.

ಅವರ ಹೊಸ ಕೋಣೆಗೆ ತಗಡು ಕೊಡಿಸೋಣವೆಂದು ನಾವು ಕೆಲವರು ಬೇರೆಯಾಗಿ ಹಣ ಸೇರಿಸಿದೆವು. ಅದನ್ನು ಸ್ವೀಕರಿಸಿದ ಅವರು ನನ್ನನ್ನು ಅಡುಗೆಕೋಣೆಗೆ ಕರೆದೊಯ್ದು, ತಳ ಸವೆದ ಸುಫುರಿಯಾವನ್ನು ತೋರಿಸಿ, ಜನವರಿಗೆ ಮಕ್ಕಳು ಹೆಚ್ಚಾಗುತ್ತಾರೆ, ಇದಕ್ಕಿಂತ ದೊಡ್ಡ ಪಾತ್ರೆ ಬೇಕು ಎಂದರು. ನಾಳೆ ಬೆಳಿಗ್ಗೆ ಅದನ್ನು ಕೊಳ್ಳಲು ಇಬ್ಬರೂ ಒಟ್ಟಿಗೆ ಹೋಗುತ್ತಿದ್ದೇವೆ.