ಕೃಷಿ ಮಂತ್ರಿಯ ಕುರ್ಚಿ: ಯುವ ಬರಹಗಾರನಿಗೊಂದು ಪತ್ರ

ಪ್ರೀತಿಯ ತಮ್ಮಾ,

ನಿನ್ನ ಕಾದಂಬರಿಯ ಹಸ್ತಪ್ರತಿ ತಲುಪಿತು. ಜೊತೆಗಿಟ್ಟ ಚೀಟಿಯನ್ನೂ ಓದಿದೆ. ಸ್ಪರ್ಧೆಯವರು ವಾಪಸ್ ಕಳಿಸಿದ್ದಾರೆ, 'ಇದನ್ನ ಒಲೆಗೆ ಹಾಕಲಾ ಸರ್' ಅಂತ ಕೇಳಿದ್ದೀಯ. ಹಾಕಬೇಡ. ಅಧ್ಯಾಯ ಎಷ್ಟುದ್ದ ಇರಬೇಕು, ಪ್ರಕಾಶಕರು ಎಲ್ಲಿ ಸಿಗ್ತಾರೆ, ಇದನ್ನೆಲ್ಲ ಬೇರೆ ಯಾರನ್ನಾದರೂ ಕೇಳು. ನನ್ನ ತಕರಾರು ಒಂದೇ. ನೀನು ಒಣ ಕಾಗದ ಓದುವುದಿಲ್ಲ. ಕಾಯ್ದೆ, ಸದನದ ನಿಯಮ, ನಡಾವಳಿ ಒಂದನ್ನೂ ಮುಟ್ಟದೆ ಸುಮ್ನೆ ಬಾಂಬು ಹಾಕಿದ್ದೀಯ.

ಪುಟಗಟ್ಟಲೆ ವಾಷಿಂಗ್ಟನ್ ಉರಿಯುತ್ತದೆ. ಚೆನ್ನಾಗಿಯೇ ಉರಿಯುತ್ತದೆ. ಪೊಟೊಮ್ಯಾಕ್ ನದಿ ಮೇಲೆ ಬೂದಿ ಬೀಳುವ ಪುಟ ಓದಿ ನನಗೆ ಹೊಟ್ಟೆಕಿಚ್ಚಾಯಿತು. ಆಮೇಲೆ ಬದುಕುಳಿದ ಕೃಷಿ ಮಂತ್ರಿ ಬಂಕರಿನಲ್ಲಿ ಅಧ್ಯಕ್ಷನಾಗಿ ಪ್ರಮಾಣವಚನ ತಗೊಳ್ತಾನೆ, ಇಡೀ ದೇಶ ಅವನ ಮಾತು ಕೇಳುತ್ತದೆ. ಎರಡೇ ಸಾಲು. ಯಾಕೆ ಕೇಳುತ್ತೆ ಮಾರಾಯ?

ಅಂದ ಹಾಗೆ, ನಿನ್ನ ಬಂಕರು ವೆಸ್ಟ್ ವರ್ಜೀನಿಯಾದ ಗ್ರೀನ್‌ಬ್ರಯರ್ ಹೋಟೆಲಿನ ಕೆಳಗಿದೆ. ಅದರ ಗುಟ್ಟು 1992ರಲ್ಲೇ ಪತ್ರಿಕೆಯಲ್ಲಿ ಬಂದು ರಟ್ಟಾಯಿತು. ಈಗ ಟಿಕೆಟ್ ತಗೊಂಡು ನೋಡಿ ಬರುವ ಜಾಗ ಅದು. ನಿನ್ನ ಕಥೆ ನಡೆಯುವುದು ಇವತ್ತು, ಅಲ್ವಾ?

ಸರಿ, ಅಮೆರಿಕದ ಅಧ್ಯಕ್ಷನ ಕುರ್ಚಿ ಖಾಲಿಯಾದರೆ ಯಾರ ನಂತರ ಯಾರು ಅಂತ ಹೇಳುವ 1947ರ ಕಾಯ್ದೆಗೆ ಬಾ. ಅಧ್ಯಕ್ಷ ಸತ್ತರೆ ಉಪಾಧ್ಯಕ್ಷ. ಅವನೂ ಇಲ್ಲದಿದ್ದರೆ ಕೆಳಮನೆಯ ಸ್ಪೀಕರ್, ಆಮೇಲೆ ಮೇಲ್ಮನೆಯಾದ ಸೆನೆಟ್‌ನ ಹಂಗಾಮಿ ಅಧ್ಯಕ್ಷ, ಆಮೇಲೆ ಮಂತ್ರಿಗಳ ಸಾಲು. ನಿನ್ನ ಕೃಷಿ ಮಂತ್ರಿ ಒಂಬತ್ತನೆಯವನು. ಇಷ್ಟು ನಿನಗೂ ಗೊತ್ತಿದೆ. ಮುಂದೆ ಓದಿದ್ದರೆ ನಿನ್ನ ಇಡೀ ಕಾದಂಬರಿ ಅಲ್ಲೇ ಸಿಗುತ್ತಿತ್ತು. ಮಂತ್ರಿಯೊಬ್ಬ ಹಂಗಾಮಿಯಾಗಿ ಆ ಕುರ್ಚಿಯಲ್ಲಿ ಕೂತಿರುವಾಗ ಹೊಸ ಸ್ಪೀಕರ್ ಆಯ್ಕೆಯಾಗಿ ಬಂದರೆ, ಸ್ಪೀಕರ್ ಪದವಿಗೂ ಸದಸ್ಯತ್ವಕ್ಕೂ ರಾಜೀನಾಮೆ ಕೊಟ್ಟು ಮಂತ್ರಿಯನ್ನು ಎಬ್ಬಿಸಬಹುದು.

ಈಗ ಲೆಕ್ಕ ಹಾಕು. ಕೆಳಮನೆಯಲ್ಲಿ 435 ಸದಸ್ಯರು. ಸೆನೆಟರ್ ಸತ್ತರೆ ಹೆಚ್ಚಿನ ರಾಜ್ಯಗಳಲ್ಲಿ ಗವರ್ನರೇ ತಾತ್ಕಾಲಿಕವಾಗಿ ಒಬ್ಬರನ್ನು ನೇಮಿಸಬಹುದು. ಕೆಳಮನೆಗೆ ಆ ದಾರಿ ಇಲ್ಲ, ಚುನಾವಣೆಯೇ ಆಗಬೇಕು. ಆದರೆ ಕೋರಂ, ಅಂದರೆ ಸಭೆ ನಡೆಸಲು ಬೇಕಾದ ಕನಿಷ್ಠ ಹಾಜರಿ, ಲೆಕ್ಕ ಹಿಡಿಯುವುದು ಆಯ್ಕೆಯಾಗಿ, ಪ್ರಮಾಣ ಮಾಡಿ, ಬದುಕಿರುವವರ ಮೇಲೆ. ಐದು ಜನ ಉಳಿದಿದ್ದರೆ ಮೂರು ಜನ ಸಾಕು. ಓಹಾಯೊದ ಯಾವುದೋ ಶಾಲೆಯ ಜಿಮ್ಮಿನಲ್ಲಿ ಮೂವರು ಕೂರುತ್ತಾರೆ, ಇಬ್ಬರು ಸೇರಿ ಮೂರನೆಯವಳನ್ನು ಸ್ಪೀಕರ್ ಮಾಡುತ್ತಾರೆ. ಅವಳು ಬಂಕರಿಗೆ ಹೇಳಿ ಕಳಿಸುತ್ತಾಳೆ: 'ಏಳಿ, ಆ ಜಾಗ ನಂದು.' ಕಾಯ್ದೆ ಅವಳ ಕಡೆಗಿದೆ. ಶಾಸಕರನ್ನು ಈ ಸಾಲಿನಲ್ಲಿ ಸೇರಿಸಿದ್ದೇ ಸಂವಿಧಾನಕ್ಕೆ ವಿರುದ್ಧ ಅಂತ ವಾದಿಸುವ ಪಂಡಿತರೂ ಅಮೆರಿಕದಲ್ಲಿ ಬಹಳ ಹಿಂದಿನಿಂದ ಇದ್ದಾರೆ. ಮಂತ್ರಿ ಅದನ್ನೇ ಹಿಡಿದುಕೊಳ್ಳುತ್ತಾನೆ. ತೀರ್ಪು ಕೊಡಬೇಕಾದ ಸುಪ್ರೀಂ ಕೋರ್ಟು ನಿನ್ನ ಮೂರನೇ ಅಧ್ಯಾಯದಲ್ಲೇ ಬೂದಿಯಾಗಿದೆ. ಕ್ಷಿಪಣಿ ಕಾಯುವ ಕರ್ನಲ್ ಕೈಯಲ್ಲಿ ಎರಡು ಆದೇಶ. ಅವನು ಯಾವುದನ್ನು ಪಾಲಿಸುತ್ತಾನೆ? ಅವನು ನಿನ್ನ ಪುಸ್ತಕದಲ್ಲಿ ಇಲ್ಲವೇ ಇಲ್ಲ!

ನಿನ್ನ ಪಾತ್ರಗಳಿಗೆಲ್ಲ ಈ ಕ್ರಮ ಬಾಯಿಪಾಠ. ನಿಜದಲ್ಲಿ ಹಾಗಿರುವುದಿಲ್ಲ. 1981ರ ಮಾರ್ಚ್ 30ರಂದು ಅಧ್ಯಕ್ಷ ರೇಗನ್‌ಗೆ ಗುಂಡು ಬಿತ್ತು. ಉಪಾಧ್ಯಕ್ಷ ಬುಷ್ ಇನ್ನೂ ವಿಮಾನದಲ್ಲಿದ್ದರು. ವಿದೇಶಾಂಗ ಮಂತ್ರಿ ಅಲೆಕ್ಸಾಂಡರ್ ಹೇಗ್ ಏದುಸಿರು ಬಿಡುತ್ತಾ ಪತ್ರಕರ್ತರ ಮುಂದೆ ನಿಂತು, ಅಧ್ಯಕ್ಷ, ಉಪಾಧ್ಯಕ್ಷ, ಆಮೇಲೆ ವಿದೇಶಾಂಗ ಮಂತ್ರಿ ಅಂದುಬಿಟ್ಟರು. ಸದ್ಯಕ್ಕೆ ಶ್ವೇತಭವನ ನನ್ನ ಹಿಡಿತದಲ್ಲಿದೆ ಅಂದರು. ನಡುವಿನ ಇಬ್ಬರನ್ನು ನುಂಗಿಬಿಟ್ಟಿದ್ದರು. ನಾಲ್ಕು ಸ್ಟಾರಿನ ಮಾಜಿ ಜನರಲ್ ಅವರು. ಊರು ನಿಂತಿತ್ತು, ಫೋನು ಕೆಲಸ ಮಾಡುತ್ತಿತ್ತು, ಆಗಲೇ ಹೀಗೆ.

ಹಂಗಾಮಿ ಕುರ್ಚಿಯ ಸಂಕಟ ನೋಡಲು ಅಮೆರಿಕಕ್ಕೇ ಹೋಗಬೇಕಾಗಿಲ್ಲ. ನಮ್ಮ ಜಮಖಂಡಿ ಕಡೆಯ ಬಿ. ಡಿ. ಜತ್ತಿಯವರು 1977ರಲ್ಲಿ ಹಂಗಾಮಿ ರಾಷ್ಟ್ರಪತಿ. ಒಂಬತ್ತು ರಾಜ್ಯಗಳ ವಿಧಾನಸಭೆ ವಿಸರ್ಜಿಸುವ ಕಾಗದ ಮುಂದೆ ಬಂದಾಗ ತಕ್ಷಣ ಸಹಿ ಹಾಕಲಿಲ್ಲ. ದೆಹಲಿಯಲ್ಲಿ ಗದ್ದಲವೆದ್ದಿತು. ಏಪ್ರಿಲ್ 30ರಂದು ಹಾಕಿದರು. ಪೆನ್ನು ಎತ್ತದ ಆ ಹೊತ್ತಿನ ಬಗ್ಗೆ ಯೋಚಿಸು.

ಇಷ್ಟು ಸಿಟ್ಟು ಯಾಕೆ ಅಂದರೆ, ನನಗೊಂದು ಹಳೇ ಗಾಯ ಇದೆ. ನಿನ್ನ ವಯಸ್ಸಿನಲ್ಲಿ ಕಥೆಯೊಂದನ್ನು ಬರೆದೆ. ತಾಲೂಕು ಕಚೇರಿಯಲ್ಲಿ ಖಾತೆ ಬದಲಾವಣೆಯ ಅರ್ಜಿಯೊಂದು ಮೇಜಿಂದ ಮೇಜಿಗೆ ಹೋಗುತ್ತದೆ, ಕೊನೆಗೊಂದು ಕೊಲೆ. ಸಂಪಾದಕರು ಅರ್ಜಿಯ ಭಾಗ 'ಬೋರು' ಅಂತ ಕತ್ತರಿಸಿ, ಕೊಲೆಯನ್ನಷ್ಟೇ ಅಚ್ಚು ಹಾಕಿದರು. ಜನ ಹೊಗಳಿದರು. ಕೊಲೆಯ ಕಾರಣ ಇದ್ದದ್ದೇ ಆ ಅರ್ಜಿಯಲ್ಲಿ. ಆ ಮಹಾಶಯರು ಈಗಿಲ್ಲ, ನನ್ನ ಕೋಪ ಇನ್ನೂ ಇದೆ.

ಹಸ್ತಪ್ರತಿ ಇಲ್ಲೇ ಇಟ್ಟುಕೊಂಡಿದ್ದೇನೆ, ನಿನ್ನ ಕೈಗೆ ಸಿಕ್ಕರೆ ಒಲೆಗೆ ಹಾಕಿಬಿಡ್ತೀಯ. ಯುಗಾದಿಯೊಳಗೆ ಆ ಜಿಮ್ಮಿನ ಸಭೆ ಬರೆದು ಕಳಿಸು. ಮೂವರಲ್ಲಿ ಒಬ್ಬ ಮುದುಕ ನಿಯಮಪುಸ್ತಕ ಹಿಡಿದು ಜಗಳ ತೆಗೆಯಲಿ. ಬಾಂಬು ಬೇಡ. ಅಕ್ಷರ ಮಾತ್ರ ಸ್ವಲ್ಪ ದೊಡ್ಡದಾಗಿ ಪ್ರಿಂಟ್ ತೆಗೆಸು, ನನ್ನ ಕಣ್ಣು ಮೊದಲಿನಂತಿಲ್ಲ.

ನಿನ್ನ ಮೇಷ್ಟ್ರು