ಲೆಕ್ಕಕ್ಕೆ ಬಾರದ ಬಡಿತ

ಮೈಸೂರು,
ಭಾನುವಾರ

ಪ್ರೀತಿಯ ಪುಟ್ಟಿ,

ನಾವೆಲ್ಲ ಕ್ಷೇಮ. ನಿಮ್ಮಪ್ಪನ ಮಂಡಿನೋವು ಹಾಗೇ ಇದೆ, ವಾಕಿಂಗ್ ಮಾತ್ರ ಬಿಟ್ಟಿಲ್ಲ.

ಮೊನ್ನೆ ಫೋನಿನಲ್ಲಿ ಹೇಳಿದೆಯಲ್ಲ, "ಅತ್ತೆ, ಲ್ಯಾಬಿನಲ್ಲಿ ಎರಡು ತಟ್ಟೆಯ ಹೃದಯಕೋಶಗಳು ತಾಳ ತಪ್ಪಿ ಬಡಿದವು, ಗ್ರಾಫಿನಿಂದ ತೆಗೆದುಬಿಟ್ಟೆ" ಅಂತ. ಆಗ ಸುಮ್ನೆ ಹೂಂ ಅಂದೆ. ರಾತ್ರಿ ನಿದ್ದೆ ಬರಲಿಲ್ಲ.

ಯಾಕೆಂದರೆ ನಾನೂ ಅದನ್ನೇ ಮಾಡಿದ್ದೆ. ಓದುವಾಗ ಕಪ್ಪೆಯ ಹೃದಯಕ್ಕೆ ಕೊಕ್ಕೆ ಸಿಕ್ಕಿಸಿ, ಮಸಿ ಹಿಡಿಸಿದ ಕಾಗದದ ಮೇಲೆ ಬಡಿತ ಗೀಚಿಸುವ ಪ್ರಯೋಗ ಇತ್ತು. ಕರೆಂಟ್ ಮುಟ್ಟಿಸಿದರೆ ಒಂದು ಹೆಚ್ಚುವರಿ ಬಡಿತ ಬರಬೇಕು, ಆಮೇಲೆ ಉದ್ದನೆಯ ಬಿಡುವು. ನನ್ನ ಕಪ್ಪೆಯ ಹೃದಯ ಕರೆಂಟ್ ಮುಟ್ಟಿಸದೆಯೂ ನಡುನಡುವೆ ತನ್ನ ಪಾಡಿಗೆ ಒಂದು ಬಡಿತ ಹಾಕುತ್ತಿತ್ತು. ಕಾಗದ ಬದಲಿಸಿ ಬದಲಿಸಿ, ಪುಸ್ತಕದಲ್ಲಿದ್ದ ಹಾಗೆ ಗೆರೆ ಬಂದ ಮೇಲೆ ಅದನ್ನೇ ವಾರ್ನಿಷ್ ಮಾಡಿ ರೆಕಾರ್ಡಿಗೆ ಅಂಟಿಸಿದೆ. ಒಳ್ಳೆಯ ಮಾರ್ಕ್ಸೇ ಬಂತು. ಆ ಹೃದಯಕ್ಕೆ ಏನಾಗಿತ್ತು ಅಂತ ಇವತ್ತಿಗೂ ಗೊತ್ತಿಲ್ಲ.

ಕ್ಯಾಸ್ಟ್ (CAST) ಅನ್ನುವ ಔಷಧ ಪರೀಕ್ಷೆಯ ಬಗ್ಗೆ ನೀನು ಓದಿರುತ್ತೀಯ. ಎಕ್ಸಾಮಿಗೆಂದು ಓದಿದ್ದು ಬೇರೆ, ಇನ್ನೊಮ್ಮೆ ಓದು. ಹಾರ್ಟ್ ಅಟ್ಯಾಕ್ ಆದವರಲ್ಲಿ ಹೃದಯದ ಕೆಳಕೋಣೆಯಿಂದ ಹೆಚ್ಚುವರಿ ಬಡಿತ ಜಾಸ್ತಿ ಬರುತ್ತಿದ್ದರೆ ಹಠಾತ್ ಸಾವಿನ ಅಪಾಯವೂ ಜಾಸ್ತಿ. ಅಷ್ಟು ಗೊತ್ತಿತ್ತು. ಹಾಗಾದರೆ ಆ ಬಡಿತ ಅಡಗಿಸಿದರೆ ಜೀವ ಉಳಿಯಬೇಕು, ಅಲ್ವಾ? ಎನ್‌ಕೈನೈಡ್, ಫ್ಲೆಕೈನೈಡ್ ಮಾತ್ರೆಗಳು ಅವನ್ನು ಚೆನ್ನಾಗಿಯೇ ಅಡಗಿಸುತ್ತಿದ್ದವು. ಡಾಕ್ಟರುಗಳು ಬರೆದುಕೊಡುತ್ತಲೂ ಇದ್ದರು. ಕ್ಯಾಸ್ಟ್‌ನವರು ಮಾತ್ರೆಗೆ ಬಡಿತ ಅಡಗಿದವರನ್ನೇ ಆರಿಸಿ, ಅರ್ಧ ಜನಕ್ಕೆ ಅದೇ ಮಾತ್ರೆ, ಉಳಿದವರಿಗೆ ಹುಸಿ ಮಾತ್ರೆ ಕೊಟ್ಟರು. 1989ರಲ್ಲಿ ಈ ಎರಡು ಮಾತ್ರೆಗಳ ಪರೀಕ್ಷೆಯನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು. 1991ರಲ್ಲಿ ಪೂರ್ತಿ ಲೆಕ್ಕ ಅಚ್ಚಾಯಿತು. ಮಾತ್ರೆ ನುಂಗಿದ 755 ಜನರಲ್ಲಿ 63 ಮಂದಿ ತೀರಿಕೊಂಡಿದ್ದರು. ಹುಸಿ ಮಾತ್ರೆಯ 743 ಜನರಲ್ಲಿ 26. ಸರಾಸರಿ ಹತ್ತು ತಿಂಗಳಲ್ಲಿ!

ಈ ಮಾತ್ರೆಗಳು ಸೋಡಿಯಂ ಚಾನೆಲ್, ಅಂದರೆ ಕೋಶದೊಳಗೆ ಸೋಡಿಯಂ ನುಗ್ಗುವ ದಾರಿಯನ್ನು ತಡೆದು ಹೃದಯದ ವಿದ್ಯುತ್ತಿನ ಅಲೆಯನ್ನು ನಿಧಾನ ಮಾಡುತ್ತವೆ, ಅಟ್ಯಾಕಿನಿಂದ ಗಾಯವಾದ ಸ್ನಾಯುವಿನಲ್ಲಿ ನಿಧಾನವಾದ ಅಲೆ ಅಲ್ಲೇ ಗಿರಕಿ ಹೊಡೆಯತೊಡಗಿ ಜೀವಕ್ಕೇ ಕುತ್ತು ತರುತ್ತದೆ ಅಂತ ಆಮೇಲೆ ವಿವರಿಸಿದರು. (ಫ್ಲೆಕೈನೈಡ್ ಕೆಟ್ಟದ್ದು ಅಂತಲ್ಲ. ಗಾಯವಿಲ್ಲದ ಹೃದಯದವರಿಗೆ ಈಗಲೂ ಕೊಡುತ್ತಾರೆ.) ಆ 63 ಮಂದಿಯ ಇಸಿಜಿ ಕೂಡ ಶುರುವಿನಲ್ಲಿ ನೋಡಲು ಚಂದವಾಗಿಯೇ ಇತ್ತು, ಪುಟ್ಟಿ. ನನಗೆ ನಿದ್ದೆ ಬಾರದ್ದು ಅದಕ್ಕೇ.

ಹಾಗಂತ ಕೆಟ್ಟ ತಟ್ಟೆಯನ್ನೂ ಸೇರಿಸಿಕೋ ಅಂತ ಹೇಳುತ್ತಿಲ್ಲ. ದ್ರಾವಣ ತಣ್ಣಗಾಗಿತ್ತೋ, ಪೊಟ್ಯಾಸಿಯಂ ಹೆಚ್ಚುಕಮ್ಮಿಯಾಗಿತ್ತೋ ಮೊದಲು ನೋಡು. ಎರಡು ಡಿಗ್ರಿ ಇಳಿದರೂ ಬಡಿತದ ವೇಗ ಬದಲಾಗುತ್ತದೆ. ಯಾವುದನ್ನು ಬಿಡಬೇಕು ಅನ್ನುವ ನಿಯಮ ಮಾತ್ರ ಪ್ರಯೋಗಕ್ಕೆ ಮುಂಚೆಯೇ ನೋಟ್‌ಬುಕ್ಕಿನಲ್ಲಿರಲಿ. ಬಿಟ್ಟದ್ದು ಎಷ್ಟು, ಯಾಕೆ, ಅದೂ ಪ್ರಬಂಧದಲ್ಲಿ ಬರಲಿ. ಗೈಡ್ ಹತ್ತಿರ ನೀನೇ ಹೋಗಿ ಹೇಳು. ಅವರು ಕಂಡುಹಿಡಿಯುವವರೆಗೆ ಕಾಯಬೇಡ.

ಒಂದೊಂದು ಸಲ ತಾಳ ತಪ್ಪಿದ ಬಡಿತದಲ್ಲೇ ಉತ್ತರ ಇರುತ್ತದೆ. ಮೇಲಿನ ಕೋಣೆಗಳ ಅಡ್ಡಾದಿಡ್ಡಿ ನಡುಕಕ್ಕೆ, ಅದೇ ಏಟ್ರಿಯಲ್ ಫಿಬ್ರಿಲೇಶನ್‌ಗೆ, ಬಹಳ ಜನ ಆ ಕೋಣೆಗಳಲ್ಲೇ ಕಾರಣ ಹುಡುಕುತ್ತಿದ್ದರು. ಫ್ರಾನ್ಸಿನ ಬೋರ್ಡೋದಲ್ಲಿ ಮಿಷೆಲ್ ಹೈಸಾಗೆರ್ ಮತ್ತು ಜೊತೆಯವರು, ನಡುಕ ಶುರುವಾಗುವ ಮುಂಚಿನ ಆ ಒಂದು ಬಿಡಿ ಬಡಿತ ಎಲ್ಲಿಂದ ಬಂತು ಅಂತ ಬೆನ್ನು ಹತ್ತಿದರು. 1998ರಲ್ಲಿ ಪ್ರಕಟಿಸಿದರು. 45 ರೋಗಿಗಳಲ್ಲಿ ಸಿಕ್ಕ ಮೂಲಗಳಲ್ಲಿ ನೂರಕ್ಕೆ 94 ಇದ್ದದ್ದು ಶ್ವಾಸಕೋಶದಿಂದ ರಕ್ತ ತರುವ ರಕ್ತನಾಳಗಳ ಒಳಗೆ. ಇವತ್ತು ಆ ರಕ್ತನಾಳಗಳ ಬಾಯಿಯ ಸುತ್ತ ಸುಟ್ಟೋ ವಿಪರೀತ ತಣ್ಣಗಾಗಿಸಿಯೋ ಚಿಕಿತ್ಸೆ ಮಾಡುತ್ತಾರೆ.

ನೀನಿರುವುದೇ ನೆದರ್ಲೆಂಡ್ಸಿನ ಲೈಡನ್‌ನಲ್ಲಿ. ಇಸಿಜಿ ಯಂತ್ರ ರೂಪಿಸಿದ ಐಂಥೋವನ್ ಸುಮಾರು ಒಂದೂವರೆ ಕಿಲೋಮೀಟರ್ ದೂರದ ಆಸ್ಪತ್ರೆಯಿಂದ ತಂತಿ ಎಳೆಸಿ, ತನ್ನ ಲ್ಯಾಬಿನಲ್ಲೇ ಕೂತು ರೋಗಿಗಳ ಇಸಿಜಿ ತೆಗೆದ ಊರು. ಬಿಡುವಾದಾಗ ಆ ದಾರಿಯಲ್ಲಿ ನಡೆದು ಬಾ. ಸ್ವೆಟರ್ ಹಾಕ್ಕೊಂಡು ಹೋಗು.

ಆ ಎರಡು ತಟ್ಟೆಗಳ ಫೈಲ್ ಅಳಿಸಿಲ್ಲ ತಾನೇ? ಇದ್ದರೆ ನನಗೂ ಒಂದು ಕಳಿಸು. ಹೊಸ ಕನ್ನಡಕ ಮಾಡಿಸಿದ್ದೇನೆ, ಸಣ್ಣ ಗೆರೆಯೂ ಕಾಣುತ್ತದೆ.

ಇಂತಿ,
ನಿನ್ನ ಅತ್ತೆ